ಏಳು ಗಂಟೆಯ ಗೇಟು

ಸಂಜೆ ಆರು ಮುಕ್ಕಾಲು. ಲ್ಯಾಬಿನಲ್ಲಿ ಸೋಲ್ಡರಿಂಗ್ ಐರನ್ ಆಗಷ್ಟೇ ಬಿಸಿಯಾಗಿರುತ್ತದೆ. ನಾನೂ ನನ್ನ ಗೆಳತಿಯೂ ಬ್ಯಾಗು ಹೆಗಲಿಗೇರಿಸಿ ಎದ್ದು ನಿಲ್ಲುತ್ತೇವೆ. ‘ಹೊರಟ್ರಾ?’ ಎಂದು ಕೇಳುವುದನ್ನೂ ನಮ್ಮ ಟೀಮಿನ ಹುಡುಗರು ಈಗ ಬಿಟ್ಟಿದ್ದಾರೆ. ಲ್ಯಾಬಿನಿಂದ ಹಾಸ್ಟೆಲ್‌ಗೆ ಹನ್ನೆರಡು ನಿಮಿಷದ ದಾರಿ, ಓಡಿದರೆ ಎಂಟು. ಏಳಕ್ಕೆ ಗೇಟು ಮುಚ್ಚುತ್ತದೆ. ಏಳು ಐದಕ್ಕೆ ಹೋದರೆ ಲೇಟ್ ಬುಕ್ಕಿನಲ್ಲಿ ಸಹಿ. ಅಂಥ ಮೂರು ಸಹಿಯಾದರೆ ಮನೆಗೆ ಫೋನು.

ಮೂರು ವರ್ಷದಿಂದ ಹೀಗೆ ಓಡುತ್ತಿದ್ದೇನೆ. ಈ ಓಟದಲ್ಲಿ ನಾನು ಕಳೆದುಕೊಂಡದ್ದೇನು ಎಂದು ಲೆಕ್ಕ ಹಾಕಿದ್ದು ಮಾತ್ರ ಕಳೆದ ಸೆಮಿಸ್ಟರ್‌ನ ವೈವಾ ದಿನ.

ನಮ್ಮದು ಇ ಅಂಡ್ ಸಿ. ಮಿನಿ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡಿದ್ದು ಹೊಲದ ಮಣ್ಣಿನ ತೇವಾಂಶ ನೋಡಿ ತಾನೇ ಪಂಪ್ ಚಾಲೂ ಮಾಡುವ ಸಾಧನ. ಐಡಿಯಾ ನನ್ನದೇ. ಗೋವಿನಜೋಳದ ಹೊಲಕ್ಕೆ ನೀರು ಹಾಯಿಸಲು ಅಪ್ಪ ರಾತ್ರಿ ಎರಡಕ್ಕೆ ಕರೆಂಟಿಗಾಗಿ ಎದ್ದು ಹೋಗುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಟೀಮಿನಲ್ಲಿ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ವೈವಾದಲ್ಲಿ ಮೇಡಂ ನನ್ನ ಕಡೆ ತಿರುಗಿ ಕೇಳಿದರು: ‘ಬೋರ್ಡಿನಿಂದ ಲೋ ಸಿಗ್ನಲ್ ಹೋದಾಗ ಪಂಪ್ ಆನ್ ಆಗ್ತಿದೆಯಲ್ಲಮ್ಮ, ಯಾಕೆ? ಹೈ ಕೊಟ್ಟಾಗ ಆಗಬೇಕಲ್ವಾ?’

ನನಗೆ ಗೊತ್ತಿರಲಿಲ್ಲ. ನಲವತ್ತೆರಡು ಪುಟದ ರಿಪೋರ್ಟು ಬರೆದವಳು ನಾನು. ಬ್ಲಾಕ್ ಡಯಾಗ್ರಾಂ ಬಿಡಿಸಿದ್ದು, ಪಿಪಿಟಿ ಮಾಡಿದ್ದು, ಇಂಡೆಕ್ಸ್ ಹಾಕಿ ಬೈಂಡಿಂಗ್ ಮಾಡಿಸಿದ್ದು ಎಲ್ಲವೂ ನಾನೇ. ಆದರೆ ಉತ್ತರ ಹೇಳಿದ್ದು ಪಕ್ಕದಲ್ಲಿದ್ದ ಹುಡುಗ. ನಾವು ಬಳಸಿದ ರಿಲೇ ಮಾಡ್ಯೂಲ್ ಲೋ ಸಿಗ್ನಲ್‌ಗೇ ಚಾಲೂ ಆಗುವ ಜಾತಿಯದ್ದು. ಒಂದು ರಾತ್ರಿ ಪವರ್ ಕೊಟ್ಟ ತಕ್ಷಣ ಪಂಪ್ ಓಡಲಾರಂಭಿಸಿ, ಏನು ಮಾಡಿದರೂ ನಿಲ್ಲದೆ, ಟೇಬಲ್ ತುಂಬಾ ನೀರಾಗಿ, ಇಬ್ಬರೂ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ತಪ್ಪು ಎಲ್ಲಿದೆಯೆಂದು ಹುಡುಕಿದ್ದರಂತೆ. ಅದು ನಡೆದದ್ದು ರಾತ್ರಿ ಒಂಬತ್ತೂವರೆಗೆ. ನಾನು ಆಗ ಮೆಸ್ಸಿನಲ್ಲಿ ಊಟ ಮುಗಿಸಿ ರಿಪೋರ್ಟಿನ ಫಾಂಟ್ ಸೈಜ್ ಸರಿ ಮಾಡುತ್ತಿದ್ದೆ.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವರು ಅಲ್ಲಿದ್ದರು, ನಾನಿರಲಿಲ್ಲ, ಅಷ್ಟೇ. ಆದರೆ ಆಮೇಲೆ ಕ್ಲಾಸಿನ ಉಳಿದ ಟೀಮುಗಳ ಕಡೆ ಕಣ್ಣು ಹಾಯಿಸಿದೆ. ಹಾಸ್ಟೆಲ್ ಹುಡುಗಿಯರಿದ್ದ ಹೆಚ್ಚಿನ ಟೀಮುಗಳಲ್ಲಿ ರಿಪೋರ್ಟು ಹುಡುಗಿಯರದ್ದು, ಹಾರ್ಡ್‌ವೇರ್ ಹುಡುಗರದ್ದು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ರಿಪೋರ್ಟನ್ನು ರೂಮಿನಲ್ಲಿ ಕೂತು ಬರೆಯಬಹುದು, ಹಾರ್ಡ್‌ವೇರಿಗೆ ಲ್ಯಾಬು ಬೇಕು, ಲ್ಯಾಬು ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ‘ನೀವು ನೀಟಾಗಿ ಬರೀತೀರಾ’ ಎಂಬ ಹೊಗಳಿಕೆಯೂ ಜೊತೆಗೆ ಸಿಗುತ್ತದೆ. ಮೂರು ವರ್ಷ ಆ ಹೊಗಳಿಕೆ ಕೇಳಿ ನಾನೂ ಹಿಗ್ಗಿದ್ದೆ.

ಈಗ ಗೇಟಿನ ಇನ್ನೊಂದು ಕಥೆಯನ್ನೂ ಹೇಳಬೇಕು. ಹೇಳದಿದ್ದರೆ ಅದು ಸುಳ್ಳಾಗುತ್ತದೆ. ನಾನು ಇಂಜಿನಿಯರಿಂಗ್ ಓದುತ್ತಿರುವುದೇ ಆ ಗೇಟಿನಿಂದ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಸಿಇಟಿಯಲ್ಲಿ ಸೀಟು ಸಿಕ್ಕಾಗ ಮನೆಯಲ್ಲಿ ಹದಿನೈದು ದಿನ ಮಾತುಕತೆ ನಡೆದಿತ್ತು. ‘ಹೆಣ್ಣ ಹುಡುಗೀನ ಅಷ್ಟು ದೂರ ಬಿಡೂದಾ?’ ಎಂದು ದೊಡ್ಡಪ್ಪ. ಅಡ್ಮಿಷನ್ ದಿನ ಅಪ್ಪ ಲ್ಯಾಬು ನೋಡಲಿಲ್ಲ, ಲೈಬ್ರರಿ ನೋಡಲಿಲ್ಲ. ಸೀದಾ ಹಾಸ್ಟೆಲ್ ಗೇಟಿನ ಮುಂದೆ ನಿಂತು ವಾರ್ಡನ್‌ಗೆ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟಕ್ಕ ಬಾಗಲಾ ಹಾಕ್ತೀರಿ ಮೇಡಂ?’ ‘ಏಳಕ್ಕೆ’ ಎಂದಾಗ ಅಪ್ಪನ ಮುಖ ಸಡಿಲಾಯಿತು. ಹತ್ತು ನಿಮಿಷದಲ್ಲಿ ಫೀ ಕಟ್ಟಿದರು. ನನ್ನ ಹಾಗೆ ಈ ಗೇಟಿನ ಭರವಸೆಯ ಮೇಲೆ ಓದಲು ಬಂದ ಹುಡುಗಿಯರು ನಮ್ಮ ಹಾಸ್ಟೆಲಿನಲ್ಲಿ ಪ್ರತಿ ಮಹಡಿಯಲ್ಲೂ ಇದ್ದಾರೆ.

ಮೊದಲ ವರ್ಷ ನನಗೂ ಅದು ಹಿತವಾಗಿತ್ತು. ಗೊತ್ತಿಲ್ಲದ ಊರು, ಅರ್ಥವಾಗದ ಇಂಗ್ಲಿಷು, ಕತ್ತಲಾದ ಮೇಲೆ ಗೇಟಿನೊಳಗಿದ್ದರೆ ಒಂದು ಧೈರ್ಯ. ಸೀನಿಯರ್ಸ್ ‘ಬಾ, ರೊಬೊಟಿಕ್ಸ್ ಕ್ಲಬ್ಬಿಗೆ ಸೇರು’ ಎಂದಾಗ ‘ಗೇಟ್ ಟೈಮ್ ಇದೆ ಅಕ್ಕಾ’ ಎಂದು ತಪ್ಪಿಸಿಕೊಂಡದ್ದೂ ಉಂಟು. ನಿಜ ಹೇಳಬೇಕೆಂದರೆ ಅಂದು ನನಗಿದ್ದದ್ದು ಸೋಲುವ ಹೆದರಿಕೆ. ಗೇಟು ಅದಕ್ಕೊಂದು ಒಳ್ಳೆಯ ನೆಪವಾಯಿತು. ಬೆಳೆಯುವುದು ಎಂದರೆ ನೆಪಗಳು ಒಂದೊಂದಾಗಿ ಕೈಬಿಡುವುದು ಎಂದಾದರೆ, ಈ ಒಂದು ನೆಪವನ್ನು ನಿಯಮವೇ ನನ್ನ ಕೈಯಲ್ಲಿ ಮೂರು ವರ್ಷ ಉಳಿಸಿತು.

2024ರ ಲೋಕಸಭಾ ಚುನಾವಣೆಯಲ್ಲಿ ನಾನು ಮೊದಲ ಸಲ ಮತ ಹಾಕಿದೆ. ದೇಶವನ್ನು ಯಾರು ಆಳಬೇಕೆಂದು ನಿರ್ಧರಿಸುವಷ್ಟು ತಿಳಿವಳಿಕೆ ನನಗಿದೆ ಎಂದು ಸಂವಿಧಾನವೇ ಒಪ್ಪಿದೆ. ಅದೇ ನಾನು ಭಾನುವಾರ ಒಂದು ರಿಲೇ ಕೊಳ್ಳಲು ಪೇಟೆಗೆ ಹೋಗಬೇಕಾದರೆ ಔಟಿಂಗ್ ಫಾರಂ ತುಂಬಬೇಕು, ಅಪ್ಪ ಹೊಲದಿಂದಲೇ ವಾರ್ಡನ್‌ಗೆ ಫೋನು ಮಾಡಬೇಕು. ಹುಡುಗರ ಹಾಸ್ಟೆಲ್‌ಗೂ ಪುಸ್ತಕದಲ್ಲಿ ಒಂಬತ್ತು ಗಂಟೆ ಎಂಬ ನಿಯಮವಿದೆ. ಕೇಳುವವರು ಯಾರೂ ಇಲ್ಲ.

ಇದು ನಮ್ಮೊಂದು ಹಾಸ್ಟೆಲಿನ ಗೋಳಲ್ಲ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’, ಅಂದರೆ ಪಂಜರ ಮುರಿಯಿರಿ, ಎಂಬ ಚಳವಳಿ ಆರಂಭಿಸಿದ್ದೇ ಹಾಸ್ಟೆಲ್ ಸಮಯದ ವಿಚಾರಕ್ಕೆ. 2022ರಲ್ಲಿ ಕೇರಳದ ಕೋಯಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ನಿರ್ಬಂಧ ತಮಗಷ್ಟೇ ಏಕೆ ಎಂದು ಹೈಕೋರ್ಟ್ ಮೆಟ್ಟಿಲೇರಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಹುಡುಗ ಹುಡುಗಿಯರಿಬ್ಬರಿಗೂ ಒಂದೇ ಸಮಯ ಎಂದು ಆದೇಶ ಹೊರಡಿಸಿತು. ಅವರು 9.30 ಸಾಲದು ಎಂದು ಹೋರಾಡಿದ್ದನ್ನು ಓದಿದಾಗ ನಮ್ಮ ರೂಮಿನಲ್ಲಿ ನಗು. ನಮಗೆ 9.30 ಸಿಕ್ಕರೆ ಹಬ್ಬ.

ಇನ್ನೂ ಸೋಜಿಗದ ವಿಷಯ ಬೇರೆಯೇ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಲೈಂಗಿಕ ಕಿರುಕುಳ ತಡೆಗಾಗಿ ರೂಪಿಸಿ 2016ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಾವಳಿಯಲ್ಲೇ ಈ ಮಾತಿದೆ. ಸುರಕ್ಷತೆಯ ಕಾರಣ ಕೊಟ್ಟು ಹಾಸ್ಟೆಲುಗಳಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಮೇಲೆ ಹೇರಬಾರದು ಎಂದು ಅದು ಹೇಳುತ್ತದೆ. ಅಂದರೆ ನಾವು ಕೇಳುತ್ತಿರುವುದು ಹೊಸದೇನೂ ಅಲ್ಲ. ಬರೆದಿಟ್ಟದ್ದನ್ನು ಯಾರಾದರೂ ಓದಲಿ ಎಂದಷ್ಟೇ.

ನೌಕರಿಯ ಲೋಕವನ್ನೇ ನೋಡಿ. 1948ರ ಕಾರ್ಖಾನೆ ಕಾಯ್ದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರು ಕಾರ್ಖಾನೆಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. ನಮ್ಮ ಹಾಸ್ಟೆಲಿನ ಏಳು ಗಂಟೆಯೇ! 2019ರಲ್ಲಿ ಕರ್ನಾಟಕ ಸರ್ಕಾರ ಒಪ್ಪಿಗೆ, ವಾಹನ, ಭದ್ರತೆಯಂಥ ಷರತ್ತುಗಳೊಂದಿಗೆ ಕಾರ್ಖಾನೆಗಳ ರಾತ್ರಿ ಪಾಳಿಗೆ ಹೆಂಗಸರಿಗೂ ಅವಕಾಶ ಕೊಟ್ಟಿತು. ಐಟಿ ಕಂಪನಿಗಳಲ್ಲಂತೂ ರಾತ್ರಿ ಪಾಳಿ, ಮನೆ ಬಾಗಿಲಿಗೆ ಬಿಡುವ ಕ್ಯಾಬು ಹಳೆಯ ಮಾತು. ಮುಂದಿನ ವರ್ಷ ಕ್ಯಾಂಪಸ್‌ಗೆ ಬರುವ ಕಂಪನಿ ‘ಶಿಫ್ಟ್‌ನಲ್ಲಿ ಕೆಲಸ ಮಾಡ್ತೀಯಾ?’ ಎಂದು ಕೇಳಿದರೆ ನಾನು ‘ಹೌದು ಸರ್’ ಎನ್ನಬೇಕು. ಆ ಉತ್ತರ ಹೇಳಿ, ಇಂಟರ್‌ವ್ಯೂ ಮುಗಿಸಿ, ಏಳರೊಳಗೆ ಗೇಟಿಗೆ ಓಡಬೇಕು. ಇಪ್ಪತ್ತೊಂದರ ತನಕ ಕತ್ತಲನ್ನೇ ಕಾಣದವಳಿಗೆ ಇಪ್ಪತ್ತೆರಡಕ್ಕೆ ಒಮ್ಮೆಲೇ ಧೈರ್ಯ ಎಲ್ಲಿಂದ ಬರಬೇಕು?

‘ಹೊರಗಿನ ಕಾಲ ಸರಿಯಿಲ್ಲಮ್ಮ’ ಎನ್ನುತ್ತಾರೆ ವಾರ್ಡನ್. ಅದು ಸುಳ್ಳಲ್ಲ. ಲ್ಯಾಬಿನಿಂದ ಹಾಸ್ಟೆಲಿನ ದಾರಿಯಲ್ಲಿ ಆರು ಬೀದಿದೀಪಗಳಿವೆ, ಉರಿಯುವುದು ಎರಡು. ಏನಾದರೂ ಆದರೆ ಮೊದಲು ಪ್ರಶ್ನೆ ಬರುವುದು ಅವರಿಗೇ. ಅವರೂ ಮನೆಮಠ ಬಿಟ್ಟು ನಮ್ಮ ಜೊತೆ ಅದೇ ಗೇಟಿನೊಳಗೆ ಇರುವವರು. ಆದರೆ ದಾರಿ ಕತ್ತಲಾಗಿದ್ದರೆ ದೀಪ ಹಾಕಿಸುವುದು ಮೊದಲ ಕೆಲಸವಾಗಬೇಕಿತ್ತು. ಮೂರು ವರ್ಷದಲ್ಲಿ ಗೇಟಿಗೆ ಎರಡು ಸಲ ಬಣ್ಣ ಬಳಿದಿದ್ದಾರೆ. ಆ ನಾಲ್ಕು ದೀಪ ಹಾಗೆಯೇ ಇವೆ.

ನನ್ನ ಮನಸ್ಸು ಪೂರ್ತಿ ಬದಲಾಗಿದ್ದು ಅವ್ವ ಬಂದ ದಿನ. ಶಕ್ತಿ ಯೋಜನೆ ಬಂದ ಮೇಲೆ ಅವ್ವ ಒಬ್ಬಳೇ ಬಸ್ಸು ಹತ್ತುವುದನ್ನು ಕಲಿತಿದ್ದಾಳೆ. 2023ರ ಜೂನ್‌ಗಿಂತ ಮೊದಲು ಟಿಕೆಟ್ ದುಡ್ಡು ಅಪ್ಪನನ್ನು ಕೇಳಬೇಕಿತ್ತು, ಕೇಳಿದರೆ ಯಾಕೆ ಎಂದು ಹೇಳಬೇಕಿತ್ತು. ಈಗ ಆಧಾರ್ ಕಾರ್ಡು ತೋರಿಸಿ ಹೊರಟುಬಿಡುತ್ತಾಳೆ. ನನಗೆ ಹುಷಾರಿಲ್ಲವೆಂದು ಕೇಳಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟವಳು, ಬಸ್ಸು ದಾರಿಯಲ್ಲಿ ಕೆಟ್ಟು, ಹಾಸ್ಟೆಲ್ ತಲುಪಿದಾಗ ಏಳೂ ಇಪ್ಪತ್ತು. ಗೇಟು ಮುಚ್ಚಿತ್ತು. ವಾಚ್‌ಮನ್ ಅಣ್ಣ ಒಳಗೆ ಫೋನು ಮಾಡಿದ. ವಾರ್ಡನ್ ಮೇಡಂ ಆ ದಿನ ರಜೆ, ತೆರೆಯಲು ಅನುಮತಿ ಕೊಡುವವರು ಯಾರೂ ಇರಲಿಲ್ಲ. ಅವ್ವ ಹೊರಗೆ, ನಾನು ಒಳಗೆ, ನಡುವೆ ಕಬ್ಬಿಣದ ಸರಳು. ಕೈ ಒಳಗೆ ಹಾಕಿ ನನ್ನ ಹಣೆ ಮುಟ್ಟಿ ನೋಡಿದಳು. ರೊಟ್ಟಿ ಗಂಟು ಸರಳಿನ ಸಂದಿಯಲ್ಲಿ ಹಿಡಿಯಲಿಲ್ಲ, ಬಿಚ್ಚಿ ಒಂದೊಂದಾಗಿ ಕೊಟ್ಟಳು.

‘ಗಂಡ ಹುಡುಗ್ರಿಗೂ ಹಿಂಗ ಐತೇನ?’ ಕೇಳಿದಳು.

‘ಇಲ್ಲವ್ವಾ.’

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಬಾಗಲಾ ಹಾಕ್ಲಿ ಬಿಡು, ಬ್ಯಾಡ ಅನ್ನಂಗಿಲ್ಲ. ಆದ್ರ ತಗಿಯಾವ್ರು ಒಬ್ರರ ಇರಬೇಕಲ್ಲ?’

ಅವ್ವ ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಸಿಕ್ಕ ಬಸ್ಸು ಹಿಡಿದು ಊರಿಗೆ ಹೋದಳು. ನನ್ನನ್ನು ಸುರಕ್ಷಿತವಾಗಿಡುವ ಗೇಟು ನನ್ನ ಅವ್ವನನ್ನು ರಾತ್ರಿಯಿಡೀ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿತು.

ಯುಜಿಸಿ ನಿಯಮಕ್ಕಿಂತ, ಕೋರ್ಟಿನ ಕತೆಗಿಂತ ಅವ್ವನ ಮಾತೇ ನನಗೆ ಸರಿಯೆನಿಸಿತು. ಗೇಟೇ ಬೇಡ ಎಂದು ನಾನೂ ಹೇಳುವುದಿಲ್ಲ. ಹಾಗೆ ಹೇಳಿದರೆ ನಾಳೆ ನಮ್ಮೂರಿನ ಇನ್ನೊಬ್ಬ ಹುಡುಗಿಯ ಅಪ್ಪ ಫೀ ಕಟ್ಟದೆ ವಾಪಸ್ ಹೋಗಬಹುದು. ನಾವು ಕೇಳುತ್ತಿರುವುದು ಇಷ್ಟೇ. ಲ್ಯಾಬು, ಲೈಬ್ರರಿ ತೆರೆದಿರುವಷ್ಟು ಹೊತ್ತು ಹುಡುಗಿಯರಿಗೂ ಅಲ್ಲಿರಲು ಬಿಡಿ. ಹತ್ತು ಗಂಟೆ ಎಂದಾದರೆ ಹುಡುಗರಿಗೂ ಹತ್ತೇ ಇರಲಿ. ಹೋಗುವಾಗ, ಬರುವಾಗ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ದಾರಿಯ ದೀಪ ಹಾಕಿಸಿ, ಹತ್ತಕ್ಕೆ ಲ್ಯಾಬಿನಿಂದ ಹೊರಡುವವರ ಜೊತೆ ಒಬ್ಬ ಸೆಕ್ಯುರಿಟಿಯವರನ್ನು ಕಳಿಸಿ. ತುರ್ತು ಬಂದಾಗ ಗೇಟು ತೆರೆಯುವ ಅಧಿಕಾರ ಇರುವ ಒಬ್ಬರು ಎಲ್ಲ ರಾತ್ರಿಯೂ ಒಳಗಿರಲಿ. ಹದಿನೆಂಟು ದಾಟಿದವರ ಔಟಿಂಗ್‌ಗೆ ಅವರದೇ ಸಹಿ ಸಾಕಾಗಲಿ.

ಇದನ್ನೇ ಒಂದು ಪುಟದಲ್ಲಿ ಬರೆದು ಪ್ರಿನ್ಸಿಪಾಲರಿಗೆ ಕೊಡಲು ಸಹಿ ಸಂಗ್ರಹಿಸುತ್ತಿದ್ದೇವೆ. ನೀಟಾಗಿ ಬರೆಯುತ್ತೇನಲ್ಲ, ಬರೆದವಳು ನಾನೇ. ಆದರೆ ಎಷ್ಟೋ ಜನ ‘ನಿಜ ಕಣೇ’ ಎನ್ನುತ್ತಾರೆ, ಪೆನ್ನು ಕೊಟ್ಟರೆ ‘ಮನೆಗೆ ಫೋನು ಹೋದ್ರೆ?’ ಎಂದು ಕೈ ಹಿಂದೆಗೆಯುತ್ತಾರೆ. ಅವರನ್ನು ಬೈಯುವ ಹಕ್ಕು ನನಗಿಲ್ಲ. ಪತ್ರ ಬರೆದ ನಾನೇ ನನ್ನ ಸಹಿ ಹಾಕಿದ್ದು ಎರಡು ದಿನ ಬಿಟ್ಟು.

ದೀಪಾವಳಿ ರಜೆಗೆ ಊರಿಗೆ ಹೋದಾಗ ನನ್ನದೇ ದುಡ್ಡಿನಲ್ಲಿ ಕೊಂಡ ರಿಲೇ, ಹಳೆಯ ಬೋರ್ಡು, ಒಂದು ಚಿಕ್ಕ ಪಂಪು ಇಟ್ಟುಕೊಂಡು ಪಡಸಾಲೆಯಲ್ಲಿ ಕೂತೆ. ನನ್ನ ಪಂಪೂ ನಿಲ್ಲದೆ ಓಡಿ ನೆಲವೆಲ್ಲ ಒದ್ದೆಯಾಯಿತು. ಸರಿ ಮಾಡುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಅಪ್ಪ ಬೀಡಿ ಸೇದುತ್ತಾ ಅಲ್ಲೇ ಕೂತು ನೋಡುತ್ತಿದ್ದರು. ‘ಇದನ್ನ ಕಾಲೇಜಿನ್ಯಾಗ ಮಾಡ್ಲಿಲ್ಲೇನು?’ ಎಂದು ಕೇಳಿದರು. ಆಗ ನನಗೆ ಉತ್ತರ ಹೇಳಲಾಗಲಿಲ್ಲ.

ಅಪ್ಪ ಈ ಪತ್ರಿಕೆಯನ್ನು ಊರಿನ ಚಹಾದಂಗಡಿಯಲ್ಲಿ ದಿನಾ ಓದುತ್ತಾರೆ. ಇದು ಅಚ್ಚಾದರೆ ಅವರಿಗಿಂತ ಮೊದಲು ಯಾರಾದರೂ ಓದಿ ಹೇಳುವುದು ಬೇಡ. ಈ ಲೇಖನ ಕಳಿಸುವ ಮುಂಚೆ ನಾನೇ ಫೋನು ಮಾಡಿ ಪೂರ್ತಿ ಓದಿ ಹೇಳುತ್ತೇನೆ. ಹಾಸ್ಟೆಲ್ ಮನೆಗೆ ಫೋನು ಮಾಡುವ ಮೊದಲು ಈ ಸಲ ಫೋನು ನನ್ನದೇ ಆಗಿರಲಿ.