ನಗೆಗಾರನ ನಡುಕ

ಹಾಸ್ಯನಟನಿಗೆ ಮಾತಿಗಿಂತಲೂ ದೊಡ್ಡ ಬಂಡವಾಳವೆಂದರೆ ಅವನ ಮೈ. ಹುಬ್ಬು ಮೇಲೇರುವ ಗಳಿಗೆ, ಹೊಸ್ತಿಲಲ್ಲಿ ಎಡವುವ ರೀತಿ, ಮಾತು ಮುಗಿದ ಮೇಲೆ ಒಂದು ಕ್ಷಣ ಕಲ್ಲಿನಂತೆ ನಿಂತುಬಿಡುವ ಜಾಣತನ, ಇವುಗಳಲ್ಲಿ ಎಳ್ಳಿನಷ್ಟು ವ್ಯತ್ಯಾಸವಾದರೂ ನಗೆ ಅಲ್ಲಿಗೆ ಸತ್ತಿತು. ಅಂಥ ನಟನ ಮೈಯೇ ಅವನ ಮಾತನ್ನು ಕೇಳದೆ ಹೋದರೆ ಮಾಡುವುದೇನು? ಅಮೆರಿಕದ ಟೆಲಿವಿಷನ್ ಪರದೆಯ ಮುದ್ದಿನ ಮಗನೆನಿಸಿಕೊಂಡಿದ್ದ ಮೈಕೆಲ್ ಜೆ. ಫಾಕ್ಸ್ ಅವರಿಗೆ ಈ ಪ್ರಶ್ನೆ ಎದುರಾದಾಗ ಅವರ ವಯಸ್ಸು ಕೇವಲ 29.

ಫಾಕ್ಸ್ ಹುಟ್ಟಿದುದು 1961ರ ಜೂನ್ 9ರಂದು, ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ. ತಂದೆ ಸೈನ್ಯದಲ್ಲಿದ್ದವರು. ಊರಿಂದ ಊರಿಗೆ ವರ್ಗವಾಗುತ್ತ ಸಂಸಾರವು ಕಡೆಗೆ ಪಶ್ಚಿಮ ತೀರದ ಬರ್ನಬಿಯಲ್ಲಿ ನೆಲೆನಿಂತಿತು. ಹುಡುಗ ಕುಳ್ಳ, ಆ ಕುಳ್ಳುತನವೇ ಅವನಿಗೆ ಮೊದಲ ಅನ್ನವಾಯಿತು. 15ನೆಯ ವಯಸ್ಸಿನಲ್ಲಿ, 10 ವರ್ಷದ ಬಾಲಕನ ಪಾತ್ರಕ್ಕೆ ಕೆನಡಾದ ಟೆಲಿವಿಷನ್ನಿನವರು ಅವನನ್ನು ಆರಿಸಿಕೊಂಡರು. 1979ರಲ್ಲಿ, ಓದನ್ನು ಅರ್ಧಕ್ಕೇ ಬಿಟ್ಟು ಹಾಲಿವುಡ್ಡಿಗೆ ಹೋಗುತ್ತೇನೆಂದು ಮಗ ಹಟ ಹಿಡಿದಾಗ ಮನೆಯಲ್ಲಿ ಗದ್ದಲವೇಳಬೇಕಾಗಿತ್ತು. ಆದರೆ ತಂದೆ, ಮರ ಕಡಿಯುವವನಾಗಬೇಕಾದರೆ ಕಾಡಿಗೇ ಹೋಗಬೇಕಷ್ಟೆ ಎಂದು ಒಪ್ಪಿ, ತಾವೇ ಕಾರು ನಡೆಸಿಕೊಂಡು ಮಗನನ್ನು ಲಾಸ್ ಏಂಜಲಿಸ್‌ವರೆಗೂ ಕರೆದೊಯ್ದರು. ಅಂಥ ತಂದೆಯರು ಎಲ್ಲ ದೇಶಗಳಲ್ಲಿಯೂ ವಿರಳ.

ಕಾಡಿನಲ್ಲಿ ಹೊಟ್ಟೆಗೆ ಸಿಕ್ಕಿದುದು ಅಷ್ಟಕ್ಕಷ್ಟೆ. ಕೂಡಿಸಿಟ್ಟರೆ ಒಂದೇ ಆಸನವಾಗುವಂಥ ಸೋಫಾ ಒಂದಿತ್ತು. ಹಣ ಮುಗಿದಂತೆಲ್ಲ ಅದನ್ನು ತುಂಡು ತುಂಡಾಗಿ ಮಾರಿ ತಿಂದುದಾಯಿತು. ಮನೆಯಲ್ಲಿ ಟೆಲಿಫೋನಿಲ್ಲದೆ, ಸಮೀಪದ ಕೋಳಿ ಮಾಂಸದ ಹೋಟೆಲೊಂದರ ಸಾರ್ವಜನಿಕ ಫೋನಿನ ಸಂಖ್ಯೆಯನ್ನೇ ತನ್ನದೆಂದು ಕೊಟ್ಟು, ಅದರ ಪಕ್ಕದಲ್ಲಿ ಕಾದು ನಿಲ್ಲುತ್ತಿದ್ದ. ಹೆಸರಿನ ನಡುವಿನ ‘ಜೆ’ ಅಕ್ಷರದ ಕಥೆಯೂ ಅಂಥದೇ. ನಟರ ಸಂಘದ ದಫ್ತರದಲ್ಲಿ ಮೈಕೆಲ್ ಫಾಕ್ಸ್ ಎಂಬುವರು ಮೊದಲೇ ಇದ್ದುದರಿಂದ, ತನಗೆ ಮೆಚ್ಚುಗೆಯಾಗಿದ್ದ ಮೈಕೆಲ್ ಜೆ. ಪೊಲಾರ್ಡ್ ಎಂಬ ನಟರಿಂದ ಆ ಅಕ್ಷರವನ್ನು ಎರವಲು ಪಡೆದ. ಹೆತ್ತವರಿಟ್ಟ ನಡುಹೆಸರು ಆಂಡ್ರ್ಯೂ.

1982ರಲ್ಲಿ ‘ಫ್ಯಾಮಿಲಿ ಟೈಸ್’ ಎಂಬ ಹಾಸ್ಯಮಾಲಿಕೆ ಆರಂಭವಾಯಿತು. ತಂದೆತಾಯಿಗಳು ತಾರುಣ್ಯದಲ್ಲಿ ಚಳವಳಿ ನಡೆಸಿದ ಉದಾರವಾದಿಗಳು; ಹಿರಿಯ ಮಗನಿಗೋ ದುಡ್ಡೇ ದೇವರು, ಟೈ ಕಟ್ಟದೆ ತಿಂಡಿಗೆ ಕೂರದ ಆಸಾಮಿ. ಆ ಮಗ ಅಲೆಕ್ಸನ ಪಾತ್ರವು ಫಾಕ್ಸ್ ಅವರದು. ಈ ಮುಖವನ್ನು ಮಕ್ಕಳ ತಿಂಡಿಡಬ್ಬಿಯ ಮೇಲೆ ಅಚ್ಚು ಹಾಕಿಸಲು ಆದೀತೆ ಎಂದು ಟೆಲಿವಿಷನ್ ಕಂಪನಿಯ ಅಧಿಕಾರಿ ಬ್ರ್ಯಾಂಡನ್ ಟಾರ್ಟಿಕಾಫ್ ಮೂಗು ಮುರಿದಿದ್ದರು. ಮುಂದೆ ಅದೇ ಮುಖದ ಚಿತ್ರವುಳ್ಳ ಡಬ್ಬಿಯೊಂದು ಫಾಕ್ಸ್ ಅವರಿಂದ ಟಾರ್ಟಿಕಾಫ್‌ಗೆ ಉಡುಗೊರೆಯಾಗಿ ಬಂದಿತು. ಆತನಾದರೂ ಅದನ್ನು ತನ್ನ ಕಚೇರಿಯಲ್ಲಿಯೇ ಇಟ್ಟುಕೊಂಡಿದ್ದುದು ದೊಡ್ಡ ಗುಣ. 1985ರಲ್ಲಿ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದಲ್ಲಿ ಹಗಲು ಟೆಲಿವಿಷನ್, ರಾತ್ರಿ ಸಿನಿಮಾ ಎಂದು ನಿದ್ದೆಗೆಟ್ಟು ದುಡಿದುದರ ಫಲವಾಗಿ ಕೀರ್ತಿ ಲೋಕವನ್ನೆಲ್ಲ ಸುತ್ತಿತು. 1986ರಿಂದ ಸಾಲಾಗಿ ಮೂರು ವರ್ಷ ಎಮ್ಮಿ ಪ್ರಶಸ್ತಿ ಬಂದಿತು. 1988ರಲ್ಲಿ, ಅದೇ ಮಾಲಿಕೆಯಲ್ಲಿ ಪ್ರೇಯಸಿಯಾಗಿ ಅಭಿನಯಿಸಿದ್ದ ಟ್ರೇಸಿ ಪೊಲನ್ ಅವರ ಕೈಹಿಡಿದರು.

ಹೀಗೆ ಸಕಲವೂ ಸೊಗಸಾಗಿದ್ದಾಗ, 1990ರಲ್ಲಿ ಫ್ಲಾರಿಡಾದ ಹೋಟೆಲ್ ಕೋಣೆಯೊಂದರಲ್ಲಿ ಬೆಳಿಗ್ಗೆ ಕಣ್ಣು ತೆರೆದರೆ ಎಡಗೈಯ ಕಿರುಬೆರಳು ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಮರುವರ್ಷ ವೈದ್ಯರು ಅದಕ್ಕೆ ಪಾರ್ಕಿನ್ಸನ್ ವ್ಯಾಧಿ ಎಂದು ಹೆಸರಿಟ್ಟರು. ದುಡಿಯುವ ಕಾಲ ಇನ್ನು ಹತ್ತು ವರ್ಷವಿದ್ದೀತು ಎಂದರು.

ಆಯುರ್ವೇದವು ಕಂಪವಾತವೆಂದು ಕರೆಯುವುದಕ್ಕೆ ಬಹಳ ಹತ್ತಿರವಾದ ಈ ರೋಗವನ್ನು ಪಾಶ್ಚಾತ್ಯ ವೈದ್ಯದಲ್ಲಿ 1817ರಲ್ಲಿ ವಿವರಿಸಿದವರು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಸವನ್ನು ತಯಾರಿಸುವ ಕೋಶಗಳು ಒಂದೊಂದಾಗಿ ಸಾಯುತ್ತವೆ. ಚಲನೆಯ ಮೇಲಿನ ಹಿಡಿತ ಸಡಿಲುತ್ತದೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಮುಖ ಭಾವಶೂನ್ಯವಾಗುತ್ತದೆ. ಲೆವೊಡೋಪ ಎಂಬ ಔಷಧವು ಮಿದುಳನ್ನು ಸೇರಿ ಡೋಪಮೈನ್ ಆಗಿ ಮಾರ್ಪಡುತ್ತದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿಯೂ ಇರುವ ವಸ್ತು ಇದೇ ಎಂದರೆ ವಾಚಕರಿಗೆ ಸೋಜಿಗವಾದೀತು. ಆದರೆ ಔಷಧವು ರೋಗವನ್ನು ತಡೆಯುವುದಿಲ್ಲ, ಲಕ್ಷಣವನ್ನು ಮಾತ್ರ ಮರೆಮಾಡುತ್ತದೆ. ವರ್ಷಗಳು ಕಳೆದಂತೆ ಅದರಿಂದಲೇ ಮತ್ತೊಂದು ಪೀಡೆ ಹುಟ್ಟುತ್ತದೆ: ಮೈ ತಾನಾಗಿಯೇ ತೂಗಾಡತೊಡಗುತ್ತದೆ. ನುಂಗದಿದ್ದರೆ ನಡುಕ, ನುಂಗಿದರೆ ತೂಗಾಟ. ಮುಂದಿನ ಕಥೆಗೆ ಇದನ್ನು ನೆನಪಿನಲ್ಲಿಡಬೇಕು.

ಫಾಕ್ಸ್ ಮೊದಲು ಮಾಡಿದುದು ವೀರರು ಮಾಡುವ ಕೆಲಸವಲ್ಲ. ಕುಡಿದರು. 1992ರಲ್ಲಿ ಕುಡಿತವನ್ನು ಬಿಟ್ಟರಾದರೂ ಗುಟ್ಟನ್ನು ಬಿಡಲಿಲ್ಲ. ಏಳು ವರ್ಷ, ಹೊರಲೋಕಕ್ಕೆ ಸುಳಿವು ಕೊಡದೆ, ಎಡಗೈಗೆ ಸದಾ ಏನಾದರೊಂದು ಕೆಲಸ ಹಚ್ಚಿ ನಟಿಸಿದರು. ಪೆನ್ಸಿಲನ್ನು ತಿರುಗಿಸುವುದು, ಕಾಗದವನ್ನು ಹಿಡಿಯುವುದು, ಕೈಯನ್ನು ಜೇಬಿಗಿಳಿಸುವುದು. ಮಾತ್ರೆಯ ಬಲ ಏರುವ ಹೊತ್ತಿಗೂ ಕ್ಯಾಮರಾ ಓಡುವ ಹೊತ್ತಿಗೂ ಗಂಟು ಹಾಕುವ ಲೆಕ್ಕಾಚಾರ ಬೇರೆ. 1996ರಲ್ಲಿ ಆರಂಭವಾದ ‘ಸ್ಪಿನ್ ಸಿಟಿ’ ಮಾಲಿಕೆಯ ಚಿತ್ರೀಕರಣ ನಡೆಯುತ್ತಿದ್ದುದು ಪ್ರೇಕ್ಷಕರ ಎದುರಿನಲ್ಲಿಯೇ. ಮಾತ್ರೆ ಕೈಕೊಟ್ಟ ಸಂಜೆಗಳಲ್ಲಿ ನಾಯಕನು ಒಳಗೆ ಕುಳಿತು ನಡುಕ ಇಳಿಯಲೆಂದು ಕಾಯುತ್ತಿದ್ದರೆ, ನಗಲೆಂದು ಬಂದ ಜನ ಹೊರಗೆ ಕಾಯುತ್ತಿದ್ದರು. ಕಾರಣವನ್ನು ಮಾತ್ರ ಯಾರೂ ಅವರಿಗೆ ಹೇಳುವಂತಿರಲಿಲ್ಲ. 1998ರಲ್ಲಿ ಮಿದುಳಿನ ಶಸ್ತ್ರಕ್ರಿಯೆಯಾಯಿತು. ಆ ನವೆಂಬರಿನಲ್ಲಿ ‘ಪೀಪಲ್’ ಪತ್ರಿಕೆಯ ಮುಂದೆ ಸತ್ಯವನ್ನು ತೆರೆದಿಟ್ಟರು.

1999ರ ಸೆಪ್ಟೆಂಬರ್ 28ರಂದು, ಸಂಶೋಧನೆಗೆ ಹೆಚ್ಚಿನ ಹಣವನ್ನು ಬೇಡಲು ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೋದರು. ಅಂದು ಬೇಕೆಂದೇ ಔಷಧ ಸೇವಿಸಲಿಲ್ಲ. ರೋಗವು ಹೇಗಿರುತ್ತದೆಂಬುದನ್ನು ಶಾಸನಕರ್ತರು ಕಣ್ಣಾರೆ ಕಾಣಲಿ ಎಂಬುದು ಉದ್ದೇಶ. ಏಳು ವರ್ಷ ಮುಚ್ಚಿಟ್ಟುದನ್ನೇ ಈಗ ಸಾಕ್ಷ್ಯವನ್ನಾಗಿ ಮುಂದಿಟ್ಟರು. ಇದು ನಟನ ತಂತ್ರವೆನ್ನುವವರಿದ್ದಾರೆ, ತಂತ್ರವೇ ಹೌದು. ಆದರೆ ತೋರಿಸಿದುದು ಸುಳ್ಳಲ್ಲ, ಮರೆಯನ್ನು ಸರಿಸಿದರು, ಅಷ್ಟೆ. ಅದನ್ನು 2002ರ ತಮ್ಮ ಆತ್ಮಕಥೆ ‘ಲಕ್ಕಿ ಮ್ಯಾನ್’ನಲ್ಲಿ ಅವರೇ ಬರೆದುಕೊಂಡರು.

2000ದಲ್ಲಿ ‘ಸ್ಪಿನ್ ಸಿಟಿ’ಯನ್ನು ಬಿಟ್ಟು, ಸಂಶೋಧನೆಗಾಗಿ ತಮ್ಮ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ರೋಗದ ಇಂಗ್ಲಿಷ್ ಮೊದಲಕ್ಷರಗಳಿಗೆ ‘ಕ್ಯೂರ್’ ಸೇರಿಸಿ ‘ಪಿಡಿಕ್ಯೂರ್’ ಎಂದು ಕರೆಯುವ ಆಲೋಚನೆಯಿತ್ತಂತೆ. ಇದೇನು, ಪಾದಕ್ಕೆ ಮಾಡುವ ಶೃಂಗಾರವೇ ಎಂದು ಹೆಂಡತಿ ಕೇಳಿದ ಮೇಲೆ ಆ ಹೆಸರು ಬಿದ್ದುಹೋಯಿತು. ಮನೆಯೊಡತಿಯ ಸಲಹೆಯಿಂದ ಉಳಿದ ಸಂಸ್ಥೆಗಳ ಪಟ್ಟಿಯನ್ನು ಯಾರೂ ಬರೆದಿಲ್ಲ! ದತ್ತಿನಿಧಿ ಕೂಡಿಟ್ಟು ಬಡ್ಡಿಯಲ್ಲಿ ಬಾಳುವ ಪದ್ಧತಿ ಈ ಸಂಸ್ಥೆಗಿಲ್ಲ; ಬಂದ ಹಣವು ಪ್ರಯೋಗಶಾಲೆಗೆ ಹೋಗಬೇಕು, ರೋಗ ತೀರಿದ ದಿನ ಬಾಗಿಲು ಮುಚ್ಚಬೇಕು ಎಂಬುದು ಸಂಕಲ್ಪ. 200 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅದು ಈವರೆಗೆ ಸಂಶೋಧನೆಗೆ ಒದಗಿಸಿದೆ.

2006ರಲ್ಲಿ ದಾರಿ ರಾಜಕೀಯಕ್ಕೆ ಹೊರಳಿತು. ಮಾನವ ಭ್ರೂಣದಿಂದ ಪಡೆಯುವ ಆಕರಕೋಶಗಳ ಸಂಶೋಧನೆಗೆ ಸರಕಾರದ ನೆರವನ್ನು ಹೆಚ್ಚಿಸುವ ಮಸೂದೆಯನ್ನು ಅಧ್ಯಕ್ಷ ಬುಷ್ ಆ ಜುಲೈನಲ್ಲಿ ತಿರಸ್ಕರಿಸಿದ್ದರು. ಭ್ರೂಣವೂ ಜೀವವೇ ಎಂಬ ಅವರ ಪಕ್ಷದವರ ವಾದವನ್ನು ಲಘುವಾಗಿ ಕಾಣುವಂತಿಲ್ಲ. ಸಂಶೋಧನೆಯ ಪರವಾಗಿದ್ದ ಮಿಸೌರಿ ರಾಜ್ಯದ ಅಭ್ಯರ್ಥಿ ಕ್ಲೇರ್ ಮೆಕಾಸ್ಕಿಲ್ ಅವರಿಗೆ ಮತ ಯಾಚಿಸಿ ಫಾಕ್ಸ್ ಟೆಲಿವಿಷನ್ ಜಾಹೀರಾತಿನಲ್ಲಿ ಮಾತನಾಡಿದರು. ಮಾತನಾಡುತ್ತಿದ್ದಷ್ಟು ಹೊತ್ತೂ ಮೈ ತೂಗಾಡುತ್ತಿತ್ತು. ರೇಡಿಯೋ ಭಾಷಣಕಾರ ರಷ್ ಲಿಂಬಾ ಆ ತೂಗಾಟವನ್ನು ಅಣಕಿಸಿ, ಈತ ಔಷಧವನ್ನು ಬಿಟ್ಟು ಬಂದಿರಬೇಕು, ಇಲ್ಲವೆ ನಟಿಸುತ್ತಿರಬೇಕು ಎಂದರು. ಆತ್ಮಕಥೆಯ ಆ ತಪ್ಪೊಪ್ಪಿಗೆಯೇ ಅವರಿಗೆ ಆಯುಧವಾಯಿತು. ನಿಜಸ್ಥಿತಿಯೋ ಅದಕ್ಕೆ ತಿರುಗುಮುರುಗು: ತೂಗಾಟವು ಔಷಧ ನುಂಗಿದುದರ ಪರಿಣಾಮ. ತನ್ನ ಊಹೆ ತಪ್ಪಾಗಿದ್ದರೆ ಕ್ಷಮೆ ಕೇಳುವೆನೆಂದು ಲಿಂಬಾ ಆಮೇಲೆ ಹೇಳಿದರಾದರೂ, ಅಣಕವನ್ನು ಆಗಲೇ ದೇಶವೆಲ್ಲ ನೋಡಿತ್ತು. ನೀತಿಯ ಬಗೆಗೆ ಜಗಳವಾಡಲಿ. ರೋಗಿಯ ಅಂಗಚೇಷ್ಟೆಯನ್ನು ಆಡಿಕೊಳ್ಳುವುದು ಯಾವ ಪಕ್ಷಕ್ಕೂ ಶೋಭೆಯಲ್ಲ. ಮೆಕಾಸ್ಕಿಲ್ ಅಲ್ಪ ಅಂತರದಿಂದ ಗೆದ್ದರು.

ವಿಜ್ಞಾನ ಮಾತ್ರ ಚುನಾವಣೆಯ ವೇಗದಲ್ಲಿ ನಡೆಯುವುದಿಲ್ಲ. ಭ್ರೂಣಕೋಶಗಳಿಂದ ಬೆಳೆಸಿದ ನರಕೋಶಗಳನ್ನು 12 ರೋಗಿಗಳ ಮಿದುಳಿಗೆ ಸೇರಿಸಿ, ಅಪಾಯವಿಲ್ಲವೆಂದು ಕಂಡುಕೊಂಡ ಪ್ರಯೋಗದ ವರದಿ ಪ್ರಕಟವಾದುದು 2025ರಲ್ಲಿ. ಪ್ರತಿಷ್ಠಾನವು 2010ರಲ್ಲಿ ಆರಂಭಿಸಿದ ದೀರ್ಘ ಅಧ್ಯಯನದ ಫಲ 2023ರಲ್ಲಿ ಕಂಡಿತು. ಬೆನ್ನುಹುರಿಯ ದ್ರವದಲ್ಲಿ ಕೆಟ್ಟು ಮುದ್ದೆಗಟ್ಟುವ ಪ್ರೋಟೀನೊಂದನ್ನು ಪತ್ತೆಮಾಡುವ ಆ ಪರೀಕ್ಷೆಯು ರೋಗಿಗಳಲ್ಲಿ ಶೇಕಡ 88ರಷ್ಟು ಜನರನ್ನು ಗುರುತಿಸಿತು. ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ.

ಫಾಕ್ಸ್ ಅವರಿಗೆ 2018ರಲ್ಲಿ ಬೆನ್ನುಹುರಿಯ ಗಡ್ಡೆಗೆ ಶಸ್ತ್ರಕ್ರಿಯೆಯಾಯಿತು; ಅದರ ಬೆನ್ನಲ್ಲೇ ಬಿದ್ದು ತೋಳು ಮುರಿಯಿತು. 2022ರಲ್ಲಿ ಆಸ್ಕರ್ ಸಂಸ್ಥೆಯ ಮಾನವಸೇವಾ ಪ್ರಶಸ್ತಿಯೂ, 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ಬಂದವು. ಇವರ ಬಾಳನ್ನು ಕುರಿತ, 2023ರ ‘ಸ್ಟಿಲ್’ ಎಂಬ ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ನ್ಯೂಯಾರ್ಕಿನ ಬೀದಿಯಲ್ಲಿ ಅವರು ಒಂದೊಂದೇ ಹೆಜ್ಜೆಯನ್ನು ಎಣಿಸಿ ಇಡುತ್ತಿದ್ದಾರೆ. ಎದುರಿನಿಂದ ಬಂದ ಹೆಂಗಸೊಬ್ಬಳು ಗುರುತು ಹಿಡಿದು ನಮಸ್ಕಾರವೆನ್ನುತ್ತಾಳೆ. ಉತ್ತರಿಸಲೆಂದು ಆಕೆಯ ಕಡೆಗೆ ತಿರುಗಿದೊಡನೆಯೇ ಕಾಲು ತೊಡರಿ ನೆಲಕ್ಕೆ ಬೀಳುತ್ತಾರೆ. ಆಕೆ ಗಾಬರಿಯಾಗಿ ಪೆಟ್ಟಾಯಿತೇ ಎಂದು ಹಿಂದಿರುಗಿ ಬರುತ್ತಾಳೆ. ಫಾಕ್ಸ್ ಮೇಲೇಳುತ್ತ, ನಿಮ್ಮನ್ನು ನೋಡಿಯೇ ಮುಗ್ಗರಿಸಿದೆನೆಂದು ಆಕೆಗೆ ಹೇಳುತ್ತಾರೆ.