ಫಿಜಿಗೆ ಸ್ವಾತಂತ್ರ್ಯ ಬಂದಿದ್ದು 1970ರಲ್ಲಿ, ಸಮಾನ ಮತ ಬಂದಿದ್ದು 44 ವರ್ಷಗಳ ನಂತರ

2025ರ ಆಗಸ್ಟ್‌ ಕೊನೆಯ ವಾರದಲ್ಲಿ ಫಿಜಿ ಪ್ರಧಾನಿ ಸಿಟಿವೇನಿ ರಬುಕಾ ದೆಹಲಿಗೆ ಬಂದು ಪ್ರಧಾನಿ ನರೇಂದ್ರ ಮೋದಿ ಅವರ ಜತೆ ಮಾತುಕತೆ ನಡೆಸಿದರು. ಅದೇ ವಾರ ಫಿಜಿಯ ಸುಪ್ರೀಂ ಕೋರ್ಟ್‌, ಸಂವಿಧಾನ ತಿದ್ದುಪಡಿಗೆ ಇದ್ದ ಕಠಿಣ ಷರತ್ತನ್ನು ಸಡಿಲಿಸುವ ಅಭಿಪ್ರಾಯ ನೀಡಿತು. ಮೊದಲನೆಯದು ಇಲ್ಲಿ ಸುದ್ದಿಯಾಯಿತು. ಫಿಜಿಯಲ್ಲಿರುವ ಭಾರತೀಯ ಮೂಲದವರ ಭವಿಷ್ಯಕ್ಕೆ ಹೆಚ್ಚು ಸಂಬಂಧಿಸಿದ್ದು ಮಾತ್ರ ಎರಡನೆಯದು. ಅದು ಏಕೆಂದು ತಿಳಿಯಲು ಗುಜರಾತ್‌ನಿಂದಲೇ ಹೊರಡಬೇಕು.

1874ರ ಅಕ್ಟೋಬರ್‌ 10ರಂದು ಬ್ರಿಟನ್ನಿನ ವಸಾಹತಾದ ಫಿಜಿಗೆ, 1879ರಿಂದ 1916ರವರೆಗೆ ಸುಮಾರು 60 ಸಾವಿರ ಭಾರತೀಯರನ್ನು ಕಬ್ಬಿನ ಗದ್ದೆಯ ಕೂಲಿಗೆ ಸಾಗಿಸಲಾಯಿತು. ಅವರೆಲ್ಲ ಕಲ್ಕತ್ತಾ ಬಂದರಿನಿಂದ, 1903ರ ನಂತರ ಮದ್ರಾಸಿನಿಂದಲೂ ‘ಗಿರ್ಮಿಟ್‌’ ಒಪ್ಪಂದದಡಿ ಹೋದವರು. ಗುಜರಾತಿಗಳು ಹೋದದ್ದು ಬೇರೆ ರೀತಿ. ಸೂರತ್‌–ನವಸಾರಿ ಭಾಗದವರು ಮತ್ತು ಕಾಠಿಯಾವಾಡದ ಅಕ್ಕಸಾಲಿಗರು ಸ್ವಂತ ಖರ್ಚಿನಲ್ಲಿ ಹೋಗಿ ಅಂಗಡಿ ಇಟ್ಟರು. 1961ರಲ್ಲಿ ವಡೋದರಾದ ಬ್ಯಾಂಕ್‌ ಆಫ್‌ ಬರೋಡಾ ಕೂಡ ಅಲ್ಲಿ ಶಾಖೆ ತೆರೆಯಿತು.

ಆದರೆ ಆ ನೆಲ ಕಳಿಸಿಕೊಟ್ಟಿದ್ದು ವ್ಯಾಪಾರಿಗಳನ್ನಷ್ಟೇ ಅಲ್ಲ. ವಡೋದರಾದಲ್ಲಿ ಹುಟ್ಟಿದ ವಕೀಲ ಮಣಿಲಾಲ್‌ ಡಾಕ್ಟರ್‌ 1912ರಲ್ಲಿ ಫಿಜಿಗೆ ಹೋಗಿ ಕೂಲಿಗಳ ಪರ ನಿಂತರು. 1920ರ ಮುಷ್ಕರದಲ್ಲಿ ಅವರ ಪತ್ನಿ ಜಯಕುಂವರ್‌ ಮಹಿಳೆಯರನ್ನು ಸಂಘಟಿಸಿದರು. ಅದೇ ವರ್ಷ ವಸಾಹತು ಸರ್ಕಾರ ಇಬ್ಬರನ್ನೂ ದೇಶದಿಂದ ಹೊರಹಾಕಿತು.

ಎಂಟು ವರ್ಷಗಳ ನಂತರ ಬಂದವರು ಎ.ಡಿ. ಪಟೇಲ್‌. ಅಹಮದಾಬಾದ್‌ ಮತ್ತು ವಡೋದರಾ ನಡುವಿನ ಖೇಡಾ ಜಿಲ್ಲೆಯವರು, ಬ್ಯಾರಿಸ್ಟರ್‌. ವಿಶೇಷವೆಂದರೆ ಈ ಗುಜರಾತಿಯ ಬೆನ್ನಿಗೆ ಗಟ್ಟಿಯಾಗಿ ನಿಂತವರು ದಕ್ಷಿಣ ಭಾರತ ಮೂಲದ ಕಬ್ಬು ಬೆಳೆಗಾರರು. ಪಟೇಲರ ಬೇಡಿಕೆ ಸರಳವಾಗಿತ್ತು: ಎಲ್ಲ ಜನಾಂಗಕ್ಕೂ ಒಂದೇ ಮತದಾರರ ಪಟ್ಟಿ, ಒಬ್ಬರಿಗೆ ಒಂದು ಮತ. ಫಿಜಿಯಲ್ಲಿ ಭಾರತೀಯರು ಭಾರತೀಯರಿಗೆ, ಮೂಲನಿವಾಸಿಗಳು ಮೂಲನಿವಾಸಿಗಳಿಗೆ, ಯುರೋಪಿಯನ್ನರು ಯುರೋಪಿಯನ್ನರಿಗೆ ಮತ ಹಾಕುವ ವ್ಯವಸ್ಥೆ ಇತ್ತು. 1909ರಲ್ಲಿ ಭಾರತಕ್ಕೂ ಬ್ರಿಟಿಷರು ತಂದಿದ್ದ ಪ್ರತ್ಯೇಕ ಮತಕ್ಷೇತ್ರದ ಮತ್ತೊಂದು ರೂಪ ಇದು. ಇಲ್ಲಿ ನಮ್ಮ ಸಂವಿಧಾನ ಅದನ್ನು ಕಿತ್ತುಹಾಕಿತು, ಅಲ್ಲಿ ಉಳಿಯಿತು.

ಲೆಕ್ಕ ನೋಡಿದರೆ ಅನ್ಯಾಯ ಎದ್ದು ಕಾಣುತ್ತದೆ. 1966ರ ಶಾಸನ ಸಭೆಯ 36 ಚುನಾಯಿತ ಸ್ಥಾನಗಳಲ್ಲಿ ಜನಸಂಖ್ಯೆಯ ಅರ್ಧದಷ್ಟಿದ್ದ ಭಾರತೀಯರಿಗೆ 12. ಕೈಬೆರಳೆಣಿಕೆಯ ಯುರೋಪಿಯನ್ನರು ಹಾಗೂ ಇತರರಿಗೆ 10! ಮೂಲನಿವಾಸಿಗಳಿಗೆ 14. ಹಾಗೆಂದು ಮೂಲನಿವಾಸಿಗಳ ಭಯವನ್ನು ಸುಳ್ಳೆನ್ನಲಾಗದು. 1946ರ ಜನಗಣತಿಯಲ್ಲೇ ಭಾರತೀಯರ ಸಂಖ್ಯೆ ಅವರನ್ನು ಮೀರಿತ್ತು. ತಮ್ಮ ನೆಲ ಕೈತಪ್ಪೀತು ಎಂಬ ಆತಂಕ ಅವರದ್ದು. ಆ ಆತಂಕ ಕಳೆಯುವ ಬದಲು ಬ್ರಿಟಿಷರು ಅದರ ಮೇಲೆ ಆಡಳಿತ ನಡೆಸಿದರು.

1967ರಲ್ಲಿ ಪಟೇಲ್‌ ನೇತೃತ್ವದ ಫೆಡರೇಷನ್‌ ಪಕ್ಷ ಸಭಾತ್ಯಾಗ ಮಾಡಿತು. ಮರುವರ್ಷದ ಉಪಚುನಾವಣೆಯಲ್ಲಿ ಒಂಬತ್ತೂ ಸ್ಥಾನಗಳನ್ನು ಇನ್ನೂ ಹೆಚ್ಚಿನ ಅಂತರದಿಂದ ಗೆದ್ದಿತು. ಆದರೆ 1969ರ ಅಕ್ಟೋಬರ್‌ 1ರಂದು ಪಟೇಲ್‌ ನಿಧನರಾದರು. ನಂತರ ಬಂದ ಸಿದ್ದಿಕ್‌ ಕೋಯಾ, ರಾತು ಕಾಮಿಸೆಸೆ ಮಾರಾ ಜತೆ ರಾಜಿಗೆ ಒಪ್ಪಿದರು. 1970ರ ಅಕ್ಟೋಬರ್‌ 10ರಂದು, ವಸಾಹತಾದ ದಿನಕ್ಕೆ ಸರಿಯಾಗಿ 96 ವರ್ಷಕ್ಕೆ, ಫಿಜಿ ಸ್ವತಂತ್ರವಾಯಿತು. 52 ಸದಸ್ಯರ ಸದನದಲ್ಲಿ ಮೂಲನಿವಾಸಿಗಳಿಗೆ 22, ಭಾರತೀಯರಿಗೆ 22, ಇತರರಿಗೆ 8 ಸ್ಥಾನ. ರಕ್ತಪಾತವಿಲ್ಲದೆ ಸ್ವಾತಂತ್ರ್ಯ ಸಿಕ್ಕಿತು ನಿಜ. ಮತಪಟ್ಟಿಯ ಪ್ರಶ್ನೆಯನ್ನು ಮಾತ್ರ ಮುಂದಕ್ಕೆ ಹಾಕಲಾಯಿತು.

ಅದರ ಬೆಲೆ ತೆತ್ತದ್ದು ಮುಂದಿನ ಪೀಳಿಗೆ. 1987ರ ಮೇ 14ರಂದು, ಭಾರತೀಯರನ್ನು ಹೊತ್ತ ಮೊದಲ ಹಡಗು ‘ಲಿಯೋನಿಡಾಸ್‌’ ಫಿಜಿ ತಲುಪಿದ ದಿನವೇ, ಭಾರತೀಯರು ಹೆಚ್ಚಿದ್ದ ಸರ್ಕಾರವನ್ನು ಸೇನಾಧಿಕಾರಿಯೊಬ್ಬರು ಉರುಳಿಸಿದರು. ಅವರೇ ಇಂದಿನ ಪ್ರಧಾನಿ ರಬುಕಾ. ಸಾವಿರಾರು ಭಾರತೀಯ ಮೂಲದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೊರಟುಹೋದರು. 2000ದಲ್ಲಿ ಮೊದಲ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿ 56 ದಿನ ಒತ್ತೆಯಾಳಾಗಿದ್ದರು. 2006ರಲ್ಲಿ ಮತ್ತೊಂದು ಸೇನಾ ಕ್ರಾಂತಿ. ವಿಚಿತ್ರವೆಂದರೆ, ಪಟೇಲ್‌ ಕೇಳಿದ್ದ ಏಕ ಮತಪಟ್ಟಿ ಬಂದದ್ದು ಆ ಕ್ರಾಂತಿ ನಡೆಸಿದ ಬೈನಿಮರಾಮ ತಂದ 2013ರ ಸಂವಿಧಾನದಿಂದ. 2014ರ ಚುನಾವಣೆ ಅದರಡಿ ನಡೆಯಿತು.

ರಬುಕಾ 2023ರಲ್ಲಿ ತಮ್ಮ ಕ್ರಾಂತಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದ್ದಾರೆ. ಸೇನೆ ಹೇರಿದ ಸಂವಿಧಾನ ಬದಲಾಗಬೇಕು ಎಂಬ ಅವರ ವಾದದಲ್ಲೂ ಹುರುಳಿದೆ. ಈವರೆಗೆ ತಿದ್ದುಪಡಿಗೆ ಸಂಸತ್ತಿನ ನಾಲ್ಕನೇ ಮೂರರಷ್ಟು ಸದಸ್ಯರ ಜತೆಗೆ ನೋಂದಾಯಿತ ಮತದಾರರಲ್ಲೂ ನಾಲ್ಕನೇ ಮೂರರಷ್ಟು ಜನರ ಒಪ್ಪಿಗೆ ಬೇಕಿತ್ತು. ಕೋರ್ಟ್‌ ಹೇಳುವಂತೆ ಇನ್ನು ಮೂರನೇ ಎರಡರಷ್ಟು ಸಂಸದರು ಮತ್ತು ಜನಮತಗಣನೆಯಲ್ಲಿ ಸರಳ ಬಹುಮತ ಸಾಕು. 2007ರ ಜನಗಣತಿಯಲ್ಲಿ ಭಾರತೀಯ ಮೂಲದವರ ಪಾಲು ಶೇ 37.5. ಹಳೆಯ ನಿಯಮದಡಿ ಅವರು ಒಗ್ಗಟ್ಟಾಗಿ ನಿಂತರೆ ಯಾವ ತಿದ್ದುಪಡಿಯನ್ನೂ ತಡೆಯಬಹುದಿತ್ತು. ಹೊಸ ಲೆಕ್ಕದಲ್ಲಿ ಆ ಶಕ್ತಿ ಅವರ ಕೈಯಲ್ಲಿಲ್ಲ.