ಮುಖ ಬೆಳ್ಳಗೆ, ಕೈ ಕಪ್ಪಗೆ

ದಾದರಿನಿಂದ ಡೊಂಬಿವಲಿಯವರೆಗೆ ಫೋಟೊ ಎಡಿಟಿಂಗ್ ಕಲಿಸುವ ಕ್ಲಾಸುಗಳಿಗೆ ಈಗ ಬರವಿಲ್ಲ. ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಪಾಠ ಹೇಳುವವರೂ ಇದ್ದಾರೆ. ನಮ್ಮ ಹುಡುಗರು ಕಲಿಯಲಿ, ನಾಲ್ಕು ಕಾಸು ಸಂಪಾದಿಸಲಿ. ನನ್ನ ತಕರಾರು ಅದಕ್ಕಲ್ಲ. ಬಹಳ ಕಡೆ ಮೊದಲ ಪಾಠವೇ ಚರ್ಮ ಬೆಳ್ಳಗೆ ಮಾಡುವುದು ಎಂಬುದಕ್ಕೆ.

ಲೈಟ್‌ರೂಮ್ ತೆರೆದವರಿಗೆ ಗೊತ್ತು, ಅದರ ಕಲರ್ ಮಿಕ್ಸರಿನಲ್ಲಿ ಎಂಟು ಬಣ್ಣಗಳ ಸ್ಲೈಡರುಗಳಿವೆ. ನಮ್ಮ ಮೈಬಣ್ಣ, ಕಪ್ಪಿರಲಿ ಕೆಂಪಿರಲಿ, ಬಹುಮಟ್ಟಿಗೆ ಕಿತ್ತಳೆಯ ಪಾಲಿಗೆ ಬರುತ್ತದೆ. ಆ ಕಿತ್ತಳೆಯ ಲ್ಯೂಮಿನೆನ್ಸನ್ನು ಬಲಕ್ಕೆ ಎಳೆದರೆ ಸಾಕು, ಮದುಮಗಳು ಕ್ಷಣದಲ್ಲಿ ಬೆಳ್ಳಗಾಗುತ್ತಾಳೆ. ಜೊತೆಗೆ ಮಂಟಪದ ಚೆಂಡುಹೂವೂ ಬಿಳಿಚಿಕೊಳ್ಳುತ್ತದೆ. ಅದು ಬೇಡವೆಂದು ಮುಖಕ್ಕೆ ಮಾತ್ರ ಬ್ರಷ್ ಆಡಿಸಿದರೆ ಇನ್ನೊಂದು ಫಜೀತಿ: ಮುಖ ಒಬ್ಬಳದು, ಮೆಹಂದಿ ಹಾಕಿದ ಕೈ ಇನ್ನೊಬ್ಬಳದು. ಇಂಥ ಆಲ್ಬಮ್ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಧಾರೆಯ ಫೋಟೊದಲ್ಲಿ ಕೈಗಳು ಒಂದರ ಮೇಲೊಂದು ಇರುತ್ತವಲ್ಲ, ಅಲ್ಲಿ ನೋಡಿ. ಮನೆತನದ ನಿಜವಾದ ಬಣ್ಣ ಉಳಿದಿರುವುದು ಅಲ್ಲೇ.

ಇದನ್ನು ಹೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಹಳೇ ಸ್ಟುಡಿಯೊದವರೂ ತಿದ್ದುತ್ತಿದ್ದರಲ್ಲ! ಹೌದು, ತಿದ್ದುತ್ತಿದ್ದರು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಸುಕ್ಕು, ಮೊಡವೆ ಕಲೆ ಮರೆಮಾಡುತ್ತಿದ್ದರು. ಆದರೆ ಒಂದೊಂದು ಮುಖವನ್ನೂ ದಿಟ್ಟಿಸಿ ನೋಡದೆ ಆ ಕೆಲಸ ಆಗುತ್ತಿರಲಿಲ್ಲ. ಇಂದಿನ ಪ್ರಿಸೆಟ್ ಎಂಟುನೂರು ಫೋಟೊಗಳಿಗೆ ಒಂದೇ ಏಟಿಗೆ ಅಂಟುತ್ತದೆ. ಯಾವ ಮುಖವನ್ನೂ ಯಾರೂ ನೋಡಿರುವುದಿಲ್ಲ.

ಇನ್ನು ಕೆಲವರು ಗಿರಾಕಿಯೇ ಕೇಳುತ್ತಾನೆ ಎನ್ನುತ್ತಾರೆ. ಸುಳ್ಳಲ್ಲ, ಗಂಡಿನ ಕಡೆಯವರಿಗೆ ಮಗಳ ಫೋಟೊ ಕಳಿಸುವ ತಾಯಿಯ ಅಂಜಿಕೆ ನನಗೂ ಅರ್ಥವಾಗುತ್ತದೆ. ಆದರೆ ಕೇಳದವರಿಗೂ ಸುಣ್ಣ ಬಳಿದು ಕೊಡುವುದು ಯಾವ ನ್ಯಾಯ? ಮೂಲೆಯಲ್ಲಿ ಕೂತ ಅಜ್ಜಿ ಕೇಳಿದ್ದಳೇ? 2020ರಲ್ಲಿ ಪ್ರಸಿದ್ಧ ಕ್ರೀಮೊಂದರ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಡಬ್ಬಿಯಿಂದ ಹೊರಬಿದ್ದದ್ದು ಎಲ್ಲಿಗೆ ಬಂದು ಸೇರಿಕೊಂಡಿತು ಎಂದು ಹುಡುಕಬೇಕಿಲ್ಲ.

ಯಂತ್ರವೂ ಮೊದಲಿನಿಂದ ಸಾಚಾ ಅಲ್ಲ. ಕೊಡ್ಯಾಕ್ ಕಂಪನಿ ಕಲರ್ ಲ್ಯಾಬುಗಳಿಗೆ ದಶಕಗಳ ಕಾಲ ಕೊಡುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಪ್ರಿಂಟಿನ ಬಣ್ಣ ಸರಿಯೋ ತಪ್ಪೋ ಎಂದು ಅವಳ ಚರ್ಮ ನೋಡಿ ತೀರ್ಮಾನಿಸುತ್ತಿದ್ದರು. ಕಪ್ಪು ಮುಖಗಳು ಮಸಿಯಾಗಿ ಬರುತ್ತಿದ್ದವು. ಇಂದಿನ ಕ್ಯಾಮೆರಾದ ಮೀಟರೂ ಬಹುಮಟ್ಟಿಗೆ ಇಡೀ ದೃಶ್ಯವನ್ನು ನಡುಬೂದಿಗೆ ತರಲು ನೋಡುತ್ತದೆ. ಬಿಳಿ ಪಂಚೆ, ದೀಪದ ಸರ ಹೆಚ್ಚಾದಲ್ಲಿ ಕಪ್ಪು ಮೈಯವರ ಮುಖ ಕತ್ತಲಿಗೆ ಬೀಳುತ್ತದೆ. ಅಲ್ಲಿ ತಿದ್ದಲೇಬೇಕು. ನೆರಳನ್ನು ಎತ್ತಿ ಕೆನ್ನೆಯ ಏರಿಳಿತ, ಮೂಗಿನ ಅಂಚು ಕಾಣಿಸಿದರೆ ಮುಖಕ್ಕೆ ಬೆಳಕು ಕೊಟ್ಟ ಹಾಗೆ. ಕಿತ್ತಳೆ ಎಳೆದರೆ ಬಣ್ಣ ಕಿತ್ತುಕೊಂಡ ಹಾಗೆ. ಈ ವ್ಯತ್ಯಾಸ ಹೇಳಿಕೊಡದ ಮೇಷ್ಟ್ರು ಫೀಸು ತೆಗೆದುಕೊಳ್ಳುವುದು ಯಾತಕ್ಕೆ?

ಕಲಿಸಲು ಬೇಕಾದಷ್ಟಿದೆ. ಹಿಸ್ಟೋಗ್ರಾಮ್ ಓದಲು ಕಲಿಸಿ. ಹಳದಿ ಬಲ್ಬು, ನೇರಳೆ ಎಲ್‌ಇಡಿ ಎರಡೂ ಉರಿಯುವ ಹಾಲಿನಲ್ಲಿ ವೈಟ್ ಬ್ಯಾಲೆನ್ಸ್ ಹಿಡಿಯುವುದೊಂದೇ ವಾರಗಟ್ಟಲೆ ಬೇಡುವ ವಿದ್ಯೆ. ಫೋಟೊಶಾಪಿಗೆ 1994ರಲ್ಲೇ ಲೇಯರ್ ಬಂತು. ಮೂಲ ಚಿತ್ರ ಮುಟ್ಟದೆ ಮೇಲಿನ ಪದರದಲ್ಲಿ ತಿದ್ದಬಹುದು. 2002ರಲ್ಲಿ ಹೀಲಿಂಗ್ ಬ್ರಷ್ ಬಂತು. ಅದನ್ನು ಹಿಡಿಯುವಾಗ ನುರಿತವರದ್ದೊಂದು ಲೆಕ್ಕವಿದೆ: ಎರಡು ವಾರದಲ್ಲಿ ತಾನಾಗಿ ಮಾಯುವ ಮೊಡವೆ ತೆಗೆಯಬಹುದು, ಹುಟ್ಟಿನ ಮಚ್ಚೆ ತೆಗೆಯಬಾರದು. (ತಿಂಗಳ ಬಾಡಿಗೆ ಕಟ್ಟಲಾಗದ ವಿದ್ಯಾರ್ಥಿಗೆ ಬಿಟ್ಟಿ ಸಿಗುವ ಗಿಂಪ್ ಇದೆ. ಇದೆಲ್ಲ ಅದರಲ್ಲೂ ಆಗುತ್ತದೆ.)

ಎಣ್ಣೆಗಪ್ಪು, ಎಣ್ಣೆಗೆಂಪು, ನಸುಗಪ್ಪು, ಗೋಧಿಬಣ್ಣ ಎಂದು ಮೈಬಣ್ಣಕ್ಕೆ ಕನ್ನಡದಲ್ಲಿ ಎಷ್ಟು ಹೆಸರುಗಳು! ಎಣ್ಣೆಗಪ್ಪು ಎಂದವರು ಕಪ್ಪಿನ ಜೊತೆ ಅದರ ಹೊಳಪನ್ನೂ ಕಂಡಿದ್ದರು. ಪ್ರಿಸೆಟ್ ಮೊದಲು ಒರೆಸಿ ಹಾಕುವುದು ಆ ಹೊಳಪನ್ನೇ.

ಕ್ಲಾಸು ನಡೆಸುವ ಮಹನೀಯರೇ, ಮುಂದಿನ ಬ್ಯಾಚಿಗೆ ಒಂದು ಪರೀಕ್ಷೆ ಇಡಿ. ಧಾರೆಯ ಫೋಟೊ ಒಂದನ್ನು ಕೊಟ್ಟು, ಮುಖ, ಕುತ್ತಿಗೆ, ಕೈ ಮೂರೂ ಒಬ್ಬರದೇ ಅನ್ನಿಸುವಂತೆ ತಿದ್ದಿ ತರಲು ಹೇಳಿ. ಕಿತ್ತಳೆ ಸ್ಲೈಡರ್ ಮುಟ್ಟುವ ಹಾಗಿಲ್ಲ. ಎಷ್ಟು ಮಂದಿ ಪಾಸಾಗುತ್ತಾರೆ ನೋಡೋಣ.